ಸವೆದ ನಾಣ್ಯಾನ ಉಜ್ಜಬೇಡಿ, ಓರೆ ಬೆಳಕಲ್ಲಿ ಹಿಡೀರಿ

(ನಾಣ್ಯ ಕೂಡಿಡೋ ಗೆಳೆಯರ ಮುಂದೆ ಒಂದು ಭಾನುವಾರ ಬೆಳಿಗ್ಗೆ ಮಾತಾಡಿದ್ದು ಇದು. ರೆಕಾರ್ಡಿಂಗ್ ಕೇಳ್ಕೊಂಡು ಟೈಪ್ ಮಾಡಿದೀನಿ, ಮಧ್ಯ ಕಾಫಿ ಬಂದಾಗಿನ ಗಲಾಟೆ ಬಿಟ್ಟು ಮಿಕ್ಕಿದ್ದೆಲ್ಲ ಹೆಚ್ಚು ಕಮ್ಮಿ ಆಡಿದ ಹಾಗೇ ಇದೆ.)

ಎಲ್ರಿಗೂ ನಮಸ್ಕಾರ. ಮೊದ್ಲು ಇದನ್ನ ನೋಡಿಬಿಡಿ. ಸ್ಕ್ರೀನ್ ಮೇಲೆ ದೊಡ್ಡದಾಗಿ ಕಾಣ್ತಿದೆ ಅಷ್ಟೆ, ನಿಜವಾಗ್ಲೂ ಇದು ನಮ್ಮ ಶರ್ಟ್ ಗುಂಡಿಗಿಂತ ಸ್ವಲ್ಪ ದೊಡ್ಡದು, ಅಡ್ಡಳತೆ 15 ಮಿಲಿಮೀಟರ್, ತೂಕ 1.6 ಗ್ರಾಂ. ಕಪ್ಪು ಬಿಲ್ಲೆ. ತಲೆ ಯಾವ ಕಡೆ ಬೆನ್ನು ಯಾವ ಕಡೆ ಅಂತಾನೂ ಗೊತ್ತಾಗಲ್ಲ. ಬೀದೀಲಿ ಬಿದ್ದಿದ್ರೆ ಯಾವುದೋ ಗಾಡಿಯ ವಾಷರ್ ಅಂದ್ಕೊಂಡು ದಾಟಿ ಹೋಗ್ತೀವಿ. ಇವತ್ತಿನ ಮಾತು ಮುಗಿಯೋ ಹೊತ್ತಿಗೆ ಇದು ಎಲ್ಲಿ ಅಚ್ಚಾಯ್ತು, ಸುಮಾರು ಯಾವ ವರ್ಷ ಅಂತ ನೀವೇ ಹೇಳ್ತೀರ, ಅದೂ ಇದಕ್ಕೆ ಒಂದು ತೊಟ್ಟು ನಿಂಬೆರಸಾನೂ ಮುಟ್ಟಿಸ್ದೆ.

ನಿಂಬೆರಸದ ಕತೆ ಮೊದ್ಲು ಹೇಳಿಬಿಡ್ತೀನಿ, ಯಾಕಂದ್ರೆ ಈ ಹುಚ್ಚು ಶುರುವಾಗಿದ್ದೇ ಅಲ್ಲಿಂದ. ನಾನು ಕೆಲಸದ ಮೇಲೆ ಇಂಗ್ಲೆಂಡಲ್ಲಿದ್ದಾಗ ಒಂದು ಶನಿವಾರದ ಸಂತೇಲಿ ಮಣ್ಣು ಮೆತ್ತಿದ ರೋಮನ್ ನಾಣ್ಯಗಳ ಒಂದು ಲಾಟ್ ತಗೊಂಡೆ, ಇಪ್ಪತ್ತೈದು ನಾಣ್ಯ. ಎಲ್ಲಿ ಸಿಕ್ಕಿದ್ದು ಅಂತ ಕೇಳ್ಲಿಲ್ಲ, ಬಿಲ್ಲೂ ಕೇಳ್ಲಿಲ್ಲ. ಇವತ್ತಾಗಿದ್ರೆ ತಗೊಳ್ತಾನೇ ಇರ್ಲಿಲ್ಲ, ಅದು ಬೇರೆ ವಿಷಯ, ಆಮೇಲೆ ಬರ್ತೀನಿ. ಮನೆಗೆ ಬಂದು ಏನು ಮಾಡಿದೆ? ನಮ್ಮಮ್ಮ ಹಬ್ಬದ ಹಿಂದಿನ ದಿನ ಹಿತ್ತಾಳೆ ದೀಪಕ್ಕೆ ಏನು ಮಾಡ್ತಿದ್ರೋ ಅದನ್ನೇ ಮಾಡಿದೆ. ಹುಣಸೆಹಣ್ಣು ನೆನೆಹಾಕಿ, ಮೇಲೆ ಒಂದು ನಿಂಬೆಹಣ್ಣು ಹಿಂಡಿ, ಹಳೇ ಟೂತ್‌ಬ್ರಷ್ ತಗೊಂಡು ಕೂತೆ. ಅರ್ಧ ಗಂಟೆಗೆ ಎಲ್ಲಾ ಕೆಂಪಗೆ ಥಳಥಳ ಅಂದ್ವು. ಖುಷಿಯೋ ಖುಷಿ. ದೀಪದ ಹತ್ರ ಹಿಡ್ದು ನೋಡಿದ್ರೆ, ಕೆಂಪು ಬಿಲ್ಲೆಗಳು, ಮೇಲೆಲ್ಲ ಸೂಜಿ ಚುಚ್ಚಿದ ಹಾಗೆ ಸಣ್ಣ ಸಣ್ಣ ಗುಂಡಿ, ಮುಖಾನೂ ಇಲ್ಲ ಅಕ್ಷರಾನೂ ಇಲ್ಲ. ಹದಿನಾರು ನಾಣ್ಯ ಹಾಗೆ ಹೋಯ್ತು. ಉಳಿದ ಒಂಬತ್ತು ಯಾಕೆ ಉಳೀತು ಅಂದ್ರೆ ಹುಣಸೆಹಣ್ಣು ಖಾಲಿ ಆಯ್ತು, ಆ ಊರಲ್ಲಿ ರಾತ್ರಿ ಎಂಟು ಗಂಟೆಗೆ ಹುಣಸೆಹಣ್ಣು ಎಲ್ಲಿ ಸಿಗತ್ತೆ. ಈ ಕಪ್ಪು ಬಿಲ್ಲೆ ಆ ಒಂಬತ್ತರಲ್ಲಿ ಒಂದು.

ನಾನು ಮಾಡಿದ ತಪ್ಪು ಏನು ಅನ್ನೋದು ಅರ್ಥ ಆಗಕ್ಕೆ ನಂಗೆ ಎರಡು ವರ್ಷ ಬೇಕಾಯ್ತು. ನಾವೆಲ್ಲ ಅಂದ್ಕೊಳ್ಳೋದು ಹೇಗೆ ಅಂದ್ರೆ, ಒಳಗೆ ಒಳ್ಳೇ ನಾಣ್ಯ ಇದೆ, ಮೇಲೆ ಕೊಳೆ ಕೂತಿದೆ, ಕೊಳೆ ತೆಗೆದ್ರೆ ನಾಣ್ಯ ಹೊರಗೆ ಬರತ್ತೆ ಅಂತ. ತಾಮ್ರ, ಕಂಚಿನ ವಿಷಯದಲ್ಲಿ ಅದು ಹಾಗಿಲ್ಲ. ಸಾವಿರದ ಆರ್ನೂರು ವರ್ಷ ಮಣ್ಣಲ್ಲಿದ್ದಾಗ ಲೋಹದ ಮೇಲ್ಮೈಯೇ ನಿಧಾನಕ್ಕೆ ಬೇರೆ ವಸ್ತುವಾಗಿ ಮಾರ್ಪಟ್ಟಿರತ್ತೆ, ಆಕ್ಸೈಡು ಕಾರ್ಬೊನೇಟು ಅಂತ. ಅದನ್ನೇ ಪಟಿನಾ ಅನ್ನೋದು. ಅವತ್ತು ಅಚ್ಚು ಒತ್ತಿದ ಮೂಗು, ಕೂದಲು, ಅಕ್ಷರದ ಅಂಚು ಎಲ್ಲಾ ಈಗ ಇರೋದು ಆ ಪದರದಲ್ಲೇ, ಕೆಳಗಿನ ಲೋಹದಲ್ಲಲ್ಲ. ಹುಣಸೆಹಣ್ಣಿನ ಹುಳಿ ಆ ಪದರಾನ ಕರಗಿಸತ್ತೆ. ಅಂದ್ರೆ ನಾನು ಕೊಳೆ ತೊಳೀಲಿಲ್ಲ, ಚಿತ್ರಾನೇ ತೊಳೆದುಬಿಟ್ಟೆ. ಇಷ್ಟು ಒಂದು ನಿಮ್ಮ ತಲೇಲಿ ಉಳಿದ್ರೆ ಮಿಕ್ಕ ಒಂದು ಗಂಟೆ ನೀವು ನಿದ್ದೆ ಮಾಡಿದ್ರೂ ನಂಗೆ ಬೇಜಾರಿಲ್ಲ.

ಇನ್ನೊಂದು ಗೊಂದಲ. ಸವೆಯೋದು ಬೇರೆ, ತುಕ್ಕು ಹಿಡಿಯೋದು ಬೇರೆ. ಸವೆತ ಅಂದ್ರೆ ಕೈಯಿಂದ ಕೈಗೆ, ಚೀಲದಿಂದ ಚೀಲಕ್ಕೆ ಓಡಾಡಿ ಆದದ್ದು. ಅದು ಎಂದೋ ಮುಗಿದ ಕತೆ, ಇನ್ನು ಜಾಸ್ತಿ ಆಗಲ್ಲ, ವಾಪಸ್ಸೂ ಬರಲ್ಲ. ತುಕ್ಕು ಹಾಗಲ್ಲ, ಅದು ಇವತ್ತೂ ನಡೀತಿರಬಹುದು. ಸವೆದ ನಾಣ್ಯಾನ ಓದ್ಬೇಕು, ತುಕ್ಕು ಹಿಡೀತಿರೋ ನಾಣ್ಯಾನ ಕಾಪಾಡ್ಬೇಕು. ಜನ ಉಲ್ಟಾ ಮಾಡ್ತಾರೆ, ಸವೆದಿರೋದನ್ನ ಉಜ್ತಾರೆ, ತುಕ್ಕಿರೋದನ್ನ ಡಬ್ಬೀಲಿ ಹಾಕಿ ಮರೀತಾರೆ.

ಸವೆತದಲ್ಲೂ ಸುದ್ದಿ ಇದೆ ಅನ್ನೋದಕ್ಕೆ ನಂಗೆ ತುಂಬಾ ಇಷ್ಟದ ಉದಾಹರಣೆ ರೋಮಿನ ಸೇನಾಪತಿ ಮಾರ್ಕ್ ಆಂಟನಿದು. ಕ್ರಿ.ಪೂ. 32-31ರಲ್ಲಿ, ಆಕ್ಟಿಯಂ ಯುದ್ಧಕ್ಕೆ ಮುಂಚೆ, ತನ್ನ ಸೈನ್ಯಕ್ಕೆ ಸಂಬಳ ಕೊಡಕ್ಕೆ ಅಂತ ಇವನು ರಾಶಿ ರಾಶಿ ಬೆಳ್ಳಿ ದಿನಾರಿಯಸ್ ಹೊಡೆಸಿದ. ಒಂದು ಕಡೆ ಹುಟ್ಟು ಹಾಕೋ ಯುದ್ಧದ ಹಡಗು, ಇನ್ನೊಂದು ಕಡೆ ನೆಟ್ಟಗೆ ನಿಂತ ಸೈನ್ಯದ ಮೂರು ಧ್ವಜಕಂಬ, ಕೆಳಗೆ ಲೀಜನ್ ನಂಬರ್, ಅಂದ್ರೆ ಯಾವ ಸೈನ್ಯದ ತುಕಡಿ ಅಂತ. ಬೆಳ್ಳಿಗೆ ತಾಮ್ರ ಜಾಸ್ತಿ ಬೆರೆಸಿದ್ದ. ಅದಕ್ಕೇ ಯಾರೂ ಇದನ್ನ ಕೂಡಿಡ್ಲಿಲ್ಲ, ಒಳ್ಳೇ ಬೆಳ್ಳೀನ ಮನೇಲಿಟ್ಟು ಇದನ್ನ ಅಂಗಡಿಗೆ ಕೊಟ್ರು, ನಮ್ಮಲ್ಲಿ ಹರಿದ ನೋಟನ್ನ ಮೊದ್ಲು ದಾಟಿಸ್ತೀವಲ್ಲ ಹಾಗೆ. ದಾಟಿಸಿ ದಾಟಿಸಿ ಇನ್ನೂರು ವರ್ಷದ ಮೇಲೂ ಚಲಾವಣೇಲಿತ್ತು, ಮೂರನೇ ಶತಮಾನದ ನಿಧಿಗಳಲ್ಲೂ ಸಿಗತ್ತೆ. ಆಂಟನಿ ಸೋತು ಸತ್ತು, ಅವನನ್ನ ಸೋಲಿಸಿದವರ ಮನೆತನ ಮುಗಿದು, ಇನ್ನೂ ಎಷ್ಟೋ ದೊರೆಗಳು ಬಂದು ಹೋದ್ರೂ ಅವನ ಹಡಗು ಓಡ್ತಾನೇ ಇತ್ತು. ಹೀಗೆ ಸವೆದದ್ದು ಸಿಕ್ರೆ ಅಕ್ಷರ ಒಂದೂ ಕಾಣಲ್ಲ, ಆದ್ರೆ ಓರೆ ಬೆಳಕಲ್ಲಿ ಕೆಳಗಡೆ ಹುಟ್ಟುಗಳ ಸಾಲು ಬಾಚಣಿಗೆ ಹಲ್ಲಿನ ಥರ ಕಾಣತ್ತೆ, ತಿರುಗಿಸಿದ್ರೆ ಮೂರು ಉದ್ದ ಗೆರೆ. ಅಷ್ಟು ಸಾಕು, ಬೇರೆ ಯಾವ ನಾಣ್ಯದಲ್ಲೂ ಹಡಗು ಒಂದು ಕಡೆ ಮೂರು ಕಂಬ ಇನ್ನೊಂದು ಕಡೆ ಇಷ್ಟು ಹೇರಳವಾಗಿ ಸಿಗಲ್ಲ.

ಸರಿ, ಓದೋದು ಹೇಗೆ. ನಂಗೆ ಬೇಕಾಗೋ ಸಾಮಾನು ಇಷ್ಟೇ: 0.01 ಗ್ರಾಂ ತೋರಿಸೋ ಸಣ್ಣ ತಕ್ಕಡಿ, ವರ್ನಿಯರ್ ಕ್ಯಾಲಿಪರ್, ಹತ್ತು ಪಟ್ಟು ದೊಡ್ಡದು ಮಾಡೋ ಲೂಪ್, ಒಂದು ಟಾರ್ಚ್. ಕ್ಯಾಲಿಪರ್ ಪ್ಲಾಸ್ಟಿಕ್ಕಿದ್ದು ತಗೊಳ್ಳಿ, ಸ್ಟೀಲಿಂದು ಅಂಚು ಗೀರತ್ತೆ. ರೂಮಿನ ಲೈಟ್ ಆರಿಸಿ, ನಾಣ್ಯಾನ ಮೇಜಿನ ಮೇಲೆ ಮಲಗಿಸಿ, ಟಾರ್ಚನ್ನ ಮೇಜಿಗೆ ತಾಗಿಸಿದ ಹಾಗೆ ಕೆಳಗಿಟ್ಟು ಪಕ್ಕದಿಂದ ಬೆಳಕು ಬಿಡಿ. ಸಂಜೆ ಬಿಸಿಲಲ್ಲಿ ಉತ್ತ ಹೊಲ ನೋಡಿದೀರಲ್ಲ, ಮಧ್ಯಾಹ್ನ ಚಪ್ಪಟೆ ಕಾಣೋ ಹೊಲದಲ್ಲಿ ಆಗ ಒಂದೊಂದು ಸಾಲೂ ಎದ್ದು ಕಾಣತ್ತೆ. ಅದೇ ಇದು. ಆಮೇಲೆ ಟಾರ್ಚನ್ನ ಗಡಿಯಾರದ ಮುಳ್ಳಿನ ಥರ ಸುತ್ತ ತಿರುಗಿಸ್ತಾ ಹೋಗಿ, ಎಂಟು ಕಡೆಯಿಂದ ಎಂಟು ಫೋಟೋ. ಒಂದು ಫೋಟೋದಲ್ಲಿ ಕಾಣದ ಗೆರೆ ಇನ್ನೊಂದ್ರಲ್ಲಿ ಕಾಣತ್ತೆ.

ಎಲ್ಲರೂ ಮುಖದಿಂದ ಶುರು ಮಾಡ್ತಾರೆ, ನಾನು ಬೆನ್ನಿಂದ ಶುರು ಮಾಡ್ತೀನಿ. ನಾಲ್ಕನೇ ಶತಮಾನದ ಚಿಕ್ಕ ತಾಮ್ರದ ನಾಣ್ಯಗಳಲ್ಲಿ ಮುಖ ಎಲ್ಲಾ ಒಂದೇ ಥರ, ಅಣ್ಣ ಯಾರು ತಮ್ಮ ಯಾರು ಅಂತ ಹೆತ್ತ ತಾಯಿಗೂ ಗೊತ್ತಾಗ್ತಿರ್ಲಿಲ್ವೇನೋ. ಬೆನ್ನಲ್ಲಿರೋ ಚಿತ್ರ ಮಾತ್ರ ಕೆಲವೇ ಕೆಲವು, ಒಂದೊಂದಕ್ಕೂ ಕಾಲ ಗೊತ್ತು. ಬಿದ್ದ ಕುದುರೆ ಸವಾರನನ್ನ ಸೈನಿಕ ಈಟೀಲಿ ತಿವಿಯೋದು ಬಂದ್ರೆ 348ರ ಆಮೇಲಿಂದು. ತೋಳದ ಹಾಲು ಕುಡಿಯೋ ಎರಡು ಮಕ್ಕಳಿದ್ರೆ 330ರಲ್ಲಿ ಶುರುವಾದದ್ದು, ಇದು ಎಷ್ಟು ಸವೆದ್ರೂ ತೋಳದ ಬೆನ್ನಿನ ಬಾಗು ಕೈಬಿಡಲ್ಲ. ಕೋಟೆ ಬಾಗಿಲಾದ್ರೆ ಹೆಚ್ಚಾಗಿ 324ರಿಂದ 330. ರೆಕ್ಕೆಯ ವಿಜಯದೇವತೆ ಒಬ್ಬಳೇ ಹಾರ ಹಿಡ್ಕೊಂಡು ಎಡಕ್ಕೆ ನಡೀತಿದ್ರೆ ವ್ಯಾಲೆಂಟಿನಿಯನ್, ವ್ಯಾಲೆನ್ಸ್ ಅನ್ನೋ ದೊರೆಗಳ ಕಾಲ, 364ರಿಂದ 378 ಅಂತ ಬರೆದಿಡಬಹುದು. ಅದೇ ದೇವತೆ ಒಬ್ಬ ಸೆರೆಯಾಳನ್ನ ಎಳ್ಕೊಂಡು ಹೋಗ್ತಿದ್ದು ನಾಣ್ಯ 13 ಮಿಲಿಮೀಟರ್ ಇದ್ರೆ 380ರ ದಶಕ ಅಥವಾ ಅದರ ಆಮೇಲೆ.

ಈಗ ನಮ್ಮ ಕಪ್ಪು ಬಿಲ್ಲೆಗೆ ಬರೋಣ. ಈ ಫೋಟೋದಲ್ಲಿ ಬೆಳಕು ಎಡಗಡೆಯಿಂದ ಬಿದ್ದಿದೆ. ಏನು ಕಾಣ್ತಿದೆ? ಯಾರೋ ಒಬ್ರು "ಎರಡು ಕಂಬ" ಅಂದ್ರು, ಸರಿ. ಕಂಬದ ಕೆಳಗೆ ನೋಡಿ, ಕವಲು ಒಡೆದಿದೆ. ಕಂಬಕ್ಕೆ ಕಾಲಿರಲ್ಲ. ಮನುಷ್ಯರು ಅವರು, ಇಬ್ಬರು ಸೈನಿಕರು, ಎದುರು ಬದುರು. ಮಧ್ಯ ಒಂದು ಸಣ್ಣ ಗೆರೆ, ಅದು ಧ್ವಜ. ಇದಕ್ಕೆ ಗ್ಲೋರಿಯಾ ಎಕ್ಸರ್ಸಿಟಸ್ ಅಂತಾರೆ, ಸೈನ್ಯದ ಕೀರ್ತಿ ಅಂತ ಅರ್ಥ. 330ರಿಂದ 335ರವರೆಗೆ ಮಧ್ಯ ಎರಡು ಧ್ವಜ ಇರ್ತಿತ್ತು, ಆಮೇಲೆ ನಾಣ್ಯದ ತೂಕ ಇಳಿಸಿದ್ರು, ಜಾಗ ಸಾಲ್ದೆ ಒಂದೇ ಧ್ವಜ ಆಯ್ತು. ನಮ್ಮದು ಒಂದು ಧ್ವಜ, 15 ಮಿಲಿಮೀಟರ್, 1.6 ಗ್ರಾಂ. ಮೂರೂ ಒಂದೇ ಮಾತು ಹೇಳ್ತಿವೆ, 335ರಿಂದ 341. ನೋಡಿ, ಅಕ್ಷರ ಒಂದೂ ಓದ್ಲಿಲ್ಲ ನಾವು.

ಇನ್ನು ಊರು. ಸೈನಿಕರ ಕಾಲ ಕೆಳಗೆ ಒಂದು ಗೆರೆ ಎಳೆದು ಅದರ ಕೆಳಗೆ ಟಂಕಸಾಲೆ ಗುರುತು ಹಾಕ್ತಿದ್ರು. ಈ ಜಾಗ ತಗ್ಗಲ್ಲಿರೋದ್ರಿಂದ ಕಡೇವರೆಗೂ ಉಳಿಯೋದು ಇದೇ. ಸವೆಯೋದು ಯಾವಾಗ್ಲೂ ಉಬ್ಬಿದ ಕಡೆ ಮೊದ್ಲು, ಕೆನ್ನೆ, ಕಿವಿ ಮೇಲಿನ ಕೂದಲು, ಭುಜ. ಇಲ್ಲಿ ಲೂಪ್ ಹಿಡ್ದು ನೋಡಿದ್ರೆ ಎಸ್, ಎಂ, ಆಮೇಲೆ ಒಂದು ಕೆ ಥರದ್ದು, ಮುಂದಿನ ಅಕ್ಷರ ನಾಣ್ಯದಿಂದ ಹೊರಗೆ ಬಿದ್ದಿದೆ. ಎಸ್ಸೆಂಕೆ ಅಂದ್ರೆ ಸಿಜಿಕಸ್, ಈಗಿನ ಟರ್ಕಿಯ ಮರ್ಮರ ಸಮುದ್ರದ ದಡ. ಅದೇ ಎಸ್ಸೆಂ ಆದ್ಮೇಲೆ ಎಎನ್‌ಟಿ ಬಂದಿದ್ರೆ ಅಂಟಿಯೋಕ್. ಹೊರಗೆ ಬಿದ್ದಿರೋ ಅಕ್ಷರ ಗ್ರೀಕ್ ಸಂಖ್ಯೆ, ಟಂಕಸಾಲೆಯ ಎಷ್ಟನೇ ಕಾರ್ಖಾನೆ ಅಂತ, ಅದು ನಮಗೆ ದಕ್ಕಲಿಲ್ಲ.

ದೊರೆ ಯಾರು? ಮುಖದ ಸುತ್ತ "ಕಾನ್‌ಸ್ಟಾನ್" ಅಂತ ಅಷ್ಟು ಅಕ್ಷರದ ನೆರಳು ಕಾಣತ್ತೆ. ತಮಾಷೆ ಇರೋದು ಇಲ್ಲೇ. ಅಪ್ಪ ಕಾನ್‌ಸ್ಟಂಟೈನ್, ಆಗ ಬದುಕಿದ್ದ ಮಕ್ಕಳಲ್ಲಿ ದೊಡ್ಡವನು ಇನ್ನೊಬ್ಬ ಕಾನ್‌ಸ್ಟಂಟೈನ್, ಎರಡನೆಯವನು ಕಾನ್‌ಸ್ಟಾನ್ಷಿಯಸ್, ಮೂರನೆಯವನು ಕಾನ್‌ಸ್ಟಾನ್ಸ್. ಮನೇಲಿ ಊಟಕ್ಕೆ ಹೇಗೆ ಕರೀತಿದ್ರೋ ದೇವರಿಗೇ ಗೊತ್ತು. ನಮಗೆ ಸಿಕ್ಕಿರೋ ಏಳು ಅಕ್ಷರ ನಾಲ್ವರಿಗೂ ಒಂದೇ. ಇಲ್ಲಿ ನಿಲ್ಲಿಸ್ಬೇಕು. "ಕಾನ್‌ಸ್ಟಂಟೈನ್ ಮನೆತನ, 335-341, ಸಿಜಿಕಸ್" ಅಂತ ಚೀಟಿ ಬರೆದು ಮುಗಿಸ್ಬೇಕು. ಇಷ್ಟವಾದ ಹೆಸರು ಹಾಕಿ ಆಮೇಲೆ ಅದನ್ನೇ ನಿಜ ಅಂತ ನಂಬೋದು ಈ ಹವ್ಯಾಸದಲ್ಲಿ ಎಲ್ರಿಗೂ ಬರೋ ಕಾಯಿಲೆ, ನಂಗೂ ಬಂದಿತ್ತು. ಊರೂ ಸಿಗ್ಲಿಲ್ಲ, ಅಕ್ಷರಾನೂ ಸಿಗ್ಲಿಲ್ಲ ಅಂದ್ರೂ ನಾಣ್ಯ ದಂಡ ಅಲ್ಲ. ಬ್ರಿಟನ್ನಿನ ರಿಚರ್ಡ್ ರೀಸ್ ಅನ್ನೋ ವಿದ್ವಾಂಸರು ರೋಮನ್ ಕಾಲಾನ 21 ಅವಧಿಯಾಗಿ ಹಂಚಿದಾರೆ, 330ರಿಂದ 348 ಹದಿನೇಳನೇದು. ಒಂದು ಜಾಗದಲ್ಲಿ ಸಿಕ್ಕ ಸವಕಲು ನಾಣ್ಯಗಳನ್ನ ಬರೀ ಈ ಅವಧಿಗಳಿಗೆ ಹಂಚಿದ್ರೇ ಅಲ್ಲಿ ಜನ ಯಾವಾಗ ದುಡ್ಡು ಓಡಾಡಿಸಿದ್ರು ಅನ್ನೋ ಚಿತ್ರ ಬರತ್ತೆ.

ಹಳೇ ಕಾಲದ ನಾಣ್ಯ ಆದ್ರೆ ಮುಖದ ಆಕಾರಾನೂ ಸಹಾಯಕ್ಕೆ ಬರತ್ತೆ. ಒಳಗಿನ ಕಣ್ಣು ಬಾಯಿ ಹೋದ್ರೂ ಮೂಗು-ಗದ್ದದ ಹೊರಗೆರೆ ಉಳಿಯತ್ತೆ. ಗಡ್ಡ ಇದ್ರೆ ಹೇಡ್ರಿಯನ್ ಅಥವಾ ಅವನ ಆಮೇಲಿನವರು ಅಂತ ಹೆಚ್ಚು ಕಮ್ಮಿ ಹೇಳಬಹುದು, ಅವನು ಬಂದದ್ದು 117ರಲ್ಲಿ, ಅದಕ್ಕೆ ಮುಂಚಿನವರು ಸಾಮಾನ್ಯವಾಗಿ ನುಣ್ಣಗೆ ಬೋಳಿಸ್ಕೊಂಡಿರ್ತಾರೆ. ತಲೆ ಮೇಲೆ ಸೂರ್ಯನ ಕಿರಣದ ಥರ ಮುಳ್ಳು ಮುಳ್ಳಾದ ಕಿರೀಟ, ಬೆಳ್ಳಿಯೋ ತಾಮ್ರವೋ ಅನ್ನೋ ಬಣ್ಣ, ಆಗ 215ರಲ್ಲಿ ಕ್ಯಾರಕಲ್ಲ ಅನ್ನೋ ದೊರೆ ಶುರು ಮಾಡಿದ ಜಾತಿಯ ನಾಣ್ಯ ಅಂತ ಅನುಮಾನ ಪಡಿ. ಎಲೆ ಹಾರದ ಬದ್ಲು ಮುತ್ತಿನ ಪಟ್ಟಿ ಕಟ್ಟಿದ್ರೆ ಕಾನ್‌ಸ್ಟಂಟೈನ್ ಕಡೇ ಕಾಲ ಮತ್ತೆ ಆಮೇಲೆ. ಇಷ್ಟಾದ್ಮೇಲೆ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯವರ ಓಕ್ರೆ (OCRE) ಅಂತ ರೋಮನ್ ನಾಣ್ಯಗಳ ಉಚಿತ ಆನ್‌ಲೈನ್ ಪಟ್ಟಿ ಇದೆ, ಸಿಕ್ಕಿದ ಅರ್ಧಂಬರ್ಧ ಅಕ್ಷರ ಹಾಕಿ ಹುಡುಕಬಹುದು.

"ಸಾರ್, ನಮ್ಮ ಕಡೆ ಸಿಗೋದು ಯಾವುದು" ಅಂತ ಕೇಳ್ತಿದಾರೆ. ಯಶವಂತಪುರದಲ್ಲೇ 1891ರಲ್ಲಿ 163 ಬೆಳ್ಳಿ ದಿನಾರಿಯಸ್ ಸಿಕ್ಕಿದ್ವು, ನೀವು ದಿನಾ ಟ್ರಾಫಿಕ್ಕಲ್ಲಿ ನಿಲ್ಲೋ ಅದೇ ಯಶವಂತಪುರ. ಎಚ್‌ಎಎಲ್ ಕಡೇನೂ ಸಿಕ್ಕಿದೆ. ಹಾನಗಲ್ ತಾಲೂಕಿನ ಅಕ್ಕಿಆಲೂರಲ್ಲಿ ಕಡೇ ಕಾಲದ ಚಿನ್ನದ ಸಾಲಿಡಸ್‌ಗಳು. ದಕ್ಷಿಣದಲ್ಲಿ ಹೆಚ್ಚಾಗಿ ಸಿಗೋ ಬೆಳ್ಳಿ ಎರಡೇ ಜಾತಿ. ಒಂದು ಅಗಸ್ಟಸ್‌ದು, ಬೆನ್ನಲ್ಲಿ ಅವನ ಮೊಮ್ಮಕ್ಕಳು ಗೈಯಸ್, ಲೂಸಿಯಸ್ ನಿಂತಿರ್ತಾರೆ, ಎಷ್ಟೇ ಸವೆದ್ರೂ ಇಬ್ಬರ ಮಧ್ಯದ ಎರಡು ದುಂಡು ಗುರಾಣಿ ಉಳಿಯತ್ತೆ. ಇನ್ನೊಂದು ಟೈಬೀರಿಯಸ್‌ದು, ಕುರ್ಚಿ ಮೇಲೆ ಕೂತ ಹೆಂಗಸು. ಕೆಲವು ನಿಧಿಗಳಲ್ಲಿ ದೊರೆ ಮುಖಕ್ಕೇ ಉಳೀಲಿ ಗೀರು ಹೊಡೆದಿರ್ತಾರೆ, 1898ರಲ್ಲಿ ಪುದುಕೋಟೆಯಲ್ಲಿ ಸಿಕ್ಕ 501 ಚಿನ್ನದ ನಾಣ್ಯಗಳಲ್ಲಿ ಹೆಚ್ಚಿನವು ಹಾಗಿವೆ. ಅದನ್ನ ಸವೆತ ಅಂತಾನೋ ಡ್ಯಾಮೇಜ್ ಅಂತಾನೋ ಬರೀಬೇಡಿ, ಅದು ಬೇಕು ಅಂತ ಮಾಡಿದ್ದು, ಅದೇ ಒಂದು ದಾಖಲೆ. ಕರೂರಿನ ಅಮರಾವತಿ ಹೊಳೆ, ಮಧುರೈನ ವೈಗೈ ಹೊಳೆ ಮರಳಲ್ಲಿ ಮಾತ್ರ ನಮ್ಮ ಕಪ್ಪು ಬಿಲ್ಲೆಯ ಅಣ್ಣತಮ್ಮಂದಿರು, ನಾಲ್ಕನೇ ಐದನೇ ಶತಮಾನದ ಪುಟಾಣಿ ತಾಮ್ರ, ಬಹಳ ಸವೆದದ್ದು.

ಮತ್ತೆ ಅದೇ ಮಾತಿಗೆ ಬಂದೆ, ಎಲ್ಲಿ ಸಿಕ್ತು ಅನ್ನೋದು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಅಗೆದಾಗ ಟೈಬೀರಿಯಸ್‌ನ ಬೆಳ್ಳಿ ನಾಣ್ಯ ಸಿಕ್ಕಿದ್ದು ಯಾಕೆ ದೊಡ್ಡ ವಿಷಯ ಆಯ್ತು ಅಂದ್ರೆ, ಅದು ಯಾವ ಮಣ್ಣಿನ ಪದರದಲ್ಲಿತ್ತು, ಅಕ್ಕಪಕ್ಕ ಯಾವ ಮಡಕೆ, ಯಾವ ಶಾತವಾಹನ ನಾಣ್ಯ ಇತ್ತು ಅಂತ ಬರೆದಿಟ್ರು. ಅದೇ ನಾಣ್ಯ ಸಂತೇಲಿ ನಂಗೆ ಸಿಕ್ಕಿದ್ರೆ ಬರೀ ಒಂದು ಬೆಳ್ಳಿ ಚೂರು. ಆ ಇಪ್ಪತ್ತೈದು ನಾಣ್ಯದ ವಿಷಯದಲ್ಲಿ ನಂಗೆ ಹುಣಸೆಹಣ್ಣಿಗಿಂತ ಜಾಸ್ತಿ ಬೇಜಾರಾಗೋದು ಇದಕ್ಕೆ. ಹೊಲದಲ್ಲೋ ಪಾಯ ತೋಡುವಾಗ್ಲೋ ಸಿಕ್ರೆ ಅದು ನಿಧಿ ಕಾಯ್ದೆ ಕೆಳಗೆ ಬರತ್ತೆ, ಡಿಸಿ ಆಫೀಸಿಗೆ ತಿಳಿಸ್ಬೇಕು. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು, ಖಾಸಗಿಯವರು ದೇಶದ ಹೊರಗೆ ಕಳಿಸೋ ಹಾಗಿಲ್ಲ.

ಈಗ ಕಾಪಾಡೋ ವಿಷಯ. ಗಟ್ಟಿಯಾಗಿ, ನುಣ್ಣಗೆ ಇರೋ ಕಡು ಹಸಿರು, ಕಂದು, ಕಪ್ಪು ಪದರ ಒಳ್ಳೇದು, ಅದನ್ನ ಅದರ ಪಾಡಿಗೆ ಬಿಡಿ. ಭಯ ಪಡಬೇಕಾದ್ದು ತಿಳಿ ಹಸಿರು ಪುಡಿಗೆ. ಟೂತ್‌ಪಿಕ್ಕಲ್ಲಿ ಮುಟ್ಟಿದ್ರೆ ರವೆ ಥರ ಉದುರತ್ತೆ, ಅಡಿಯಲ್ಲಿ ಗುಂಡಿ ಬಿದ್ದಿರತ್ತೆ. ಇದಕ್ಕೆ ಬ್ರಾಂಜ್ ಡಿಸೀಜ್ ಅಂತಾರೆ, ರೋಗ ಅಂದ್ರೂ ಕ್ರಿಮಿ ಗಿಮಿ ಏನಿಲ್ಲ. ಮಣ್ಣಿನ ಉಪ್ಪಿಂದ ಕ್ಲೋರೈಡ್ ತಾಮ್ರದ ಒಳಗೆ ಸೇರ್ಕೊಂಡಿರತ್ತೆ, ಗಾಳಿ ತೇವ ಸಿಕ್ಕ ತಕ್ಷಣ ಆಮ್ಲ ಆಗತ್ತೆ, ಆ ಆಮ್ಲ ಇನ್ನಷ್ಟು ತಾಮ್ರ ತಿನ್ನತ್ತೆ, ಮತ್ತೆ ಕ್ಲೋರೈಡ್, ಮತ್ತೆ ಆಮ್ಲ, ಚಕ್ರ ಸುತ್ತಾನೇ ಇರತ್ತೆ. ಮೊದ್ಲು ಆ ನಾಣ್ಯಾನ ಬೇರೆ ಡಬ್ಬಿಗೆ ಹಾಕಿ. ಪುಡೀನ ಮರದ ಕಡ್ಡೀಲಿ ನಿಧಾನಕ್ಕೆ ತೆಗೆದು, ಡಿಸ್ಟಿಲ್ಡ್ ವಾಟರಲ್ಲಿ ನೆನೆಹಾಕಿ ನೀರು ಬದಲಾಯಿಸ್ತಾ ಹೋಗೋದು ಮನೇಲಿ ಮಾಡಬಹುದಾದ ಕೆಲಸ. ನಲ್ಲಿ ನೀರು ಬೇಡ, ಅದರಲ್ಲೇ ಕ್ಲೋರಿನ್ ಇರತ್ತೆ. ಶೇಕಡಾ 5ರ ಸೋಡಿಯಂ ಸೆಸ್ಕ್ವಿಕಾರ್ಬೊನೇಟಲ್ಲಿ ವಾರಗಟ್ಟಲೆ ಇಡೋ ಪದ್ಧತಿ ಇದೆ, ಕೆಲಸ ಮಾಡತ್ತೆ, ಆದ್ರೆ ಪಟಿನಾ ಬಣ್ಣ ಬದಲಾಗಬಹುದು. ಬೆಂಜೋಟ್ರಯಜೋಲ್ ಅಂತ ಇನ್ನೊಂದಿದೆ, ಅದು ಮೈಗೆ ಒಳ್ಳೇದಲ್ಲ, ಲ್ಯಾಬಿನವರಿಗೆ ಬಿಡಿ. ಚೆನ್ನಾಗಿ ಒಣಗಿದ ಮೇಲೆ ಮೈಕ್ರೋಕ್ರಿಸ್ಟಲೈನ್ ವ್ಯಾಕ್ಸ್ ತೆಳ್ಳಗೆ ಸವರಿದ್ರೆ ತೇವ ತಡೆಯತ್ತೆ. ಬೇಕಾದಾಗ ತೆಗೀಬಹುದು, ಅದಕ್ಕೇ ನಂಗಿಷ್ಟ.

ನಿಜವಾದ ಔಷಧಿ ಒಣ ಗಾಳಿ. ತೇವಾಂಶ ಶೇಕಡಾ 40ರ ಒಳಗಿದ್ರೆ ಈ ಚಕ್ರ ಬಹುತೇಕ ನಿಲ್ಲತ್ತೆ. ಮಂಗಳೂರಲ್ಲಿ ಜುಲೈ ತಿಂಗಳು 80 ದಾಟಿರತ್ತೆ, ಅಲ್ಲಿ ಬೀರು ಒಳಗಿಟ್ಟ ನಾಣ್ಯ ಮಳೇಲಿಟ್ಟ ಹಾಗೇನೇ. ಗಾಳಿ ಆಡದ ಪಾಲಿಪ್ರೊಪಿಲೀನ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ತೇವ ಅಳೆಯೋ ಒಂದು ಸಣ್ಣ ಹೈಗ್ರೋಮೀಟರ್, ಅಷ್ಟೇ. ಜೆಲ್ ಬಣ್ಣ ತಿರುಗಿದಾಗ ಓವನಲ್ಲಿ ಕಾಯಿಸಿ ಮತ್ತೆ ಹಾಕಿ. ಮೆತ್ತಗೆ ಬಗ್ಗೋ ಪಿವಿಸಿ ಕವರ್ ಬೇಡವೇ ಬೇಡ, ವರ್ಷ ಕಳೆದ್ರೆ ಅದರಿಂದ ಹೊರಡೋ ಆಮ್ಲಕ್ಕೆ ನಾಣ್ಯದ ಮೇಲೆ ಹಸಿರು ಲೋಳೆ ಬರತ್ತೆ. ಪಾಲಿಯೆಸ್ಟರ್ ಕವರ್ ಕೇಳಿ ತಗೊಳ್ಳಿ. ಬೆಳ್ಳಿ ವಿಷಯದಲ್ಲಿ ಒಂದೇ ಮಾತು, ಹಳೇ ಬೆಳ್ಳಿ ಒಳಗೊಳಗೇ ಹಪ್ಪಳದ ಥರ ಆಗಿರತ್ತೆ, ಬಗ್ಗಿಸಿ ನೋಡೋದು, ಟೇಬಲ್ ಮೇಲೆ ಟಣ್ ಅಂತ ಬೀಳಿಸಿ ಸದ್ದು ಕೇಳೋದು ಮಾಡ್ಬೇಡಿ, ಎರಡು ಚೂರಾಗತ್ತೆ.

ಪ್ರಶ್ನೋತ್ತರ ಎಲ್ಲಾ ಬರೆಯಲ್ಲ, ಕಡೇದೊಂದು ಮಾತ್ರ. ಮೂರನೇ ಸಾಲಲ್ಲಿದ್ದ ಒಬ್ಬ ಹಿರಿಯರು ಎದ್ದು ಬಂದು ಅಂಗಿ ಜೇಬಿಂದ ಒಂದು ಕಾಗದದ ಪೊಟ್ಟಣ ಬಿಚ್ಚಿದ್ರು. ತಾತನ ಕಾಲದಿಂದ ದೇವರ ಮನೇಲಿತ್ತಂತೆ, ರೋಮನ್ ಇರಬಹುದಾ ಅಂತ. ಕೆಂಪಗೆ ಹೊಳೀತಿರೋ ಸವೆದ ಬಿಲ್ಲೆ. ಎಲ್ರ ಮುಂದೇನೇ ತೂಗಿದ್ವಿ, 4.7 ಗ್ರಾಂ, ಅಡ್ಡಳತೆ 25 ಮಿಲಿಮೀಟರ್ ಚಿಲ್ಲರೆ. ಲೈಟ್ ಆರಿಸಿ ಟಾರ್ಚ್ ಬಿಟ್ರೆ ಎಡಕ್ಕೆ ತಿರುಗಿದ ಮುಖ, ಗಡ್ಡ, ತಲೆ ಮೇಲೆ ಗುಮ್ಮಟದ ಥರ ಕಿರೀಟ. ರೋಮಿನವರು ಯಾರೂ ಅಂಥ ಕಿರೀಟ ಹಾಕಿದ್ದಿಲ್ಲ. ಐದನೇ ಜಾರ್ಜ್, ಕಾಲಾಣೆ. ಹಿರಿಯರು ನಕ್ಕುಬಿಟ್ರು.

"ಇಷ್ಟು ಹೊಳೀತಿದೆಯಲ್ಲ ಸಾರ್, ಯಾರು ತೊಳೆದಿದ್ದು?" ಅಂದೆ.

"ನಮ್ಮನೆಯವರು. ಪ್ರತಿ ವರಮಹಾಲಕ್ಷ್ಮಿ ಹಬ್ಬಕ್ಕೂ ದೀಪದ ಜೊತೆ ಇದನ್ನೂ ತೊಳೀತಾರೆ. ಐವತ್ತು ವರ್ಷದಿಂದ."